ಅಮ್ಮಾವ್ರನ್ನ ಒಂದ್ಮಾತು ಕೇಳಿ

"ಹಲೋ... ಹಲೋ? ಯಾರು ಮಾತಾಡ್ತಿರೋದು? ಮಷೀನಾ, ಮನುಷ್ಯರಾ?..."

"ಹಾಂ, ಮನುಷ್ಯರೇ ಅಲ್ವಾ? ಸದ್ಯ. ಇಷ್ಟೊತ್ತು ಒಂದು ಒತ್ತಿ, ಎರಡು ಒತ್ತಿ ಅಂತ ಆ ರೆಕಾರ್ಡು ನನ್ನ ಜೀವ ತಿಂತಾ ಇತ್ತು... ನಾನಾ? ನಾನು ಹರ್ಷವರ್ಧನ. ಕೊಟ್ಟಿಗೆಹಾರದ ಹತ್ರ ಅಣ್ಣಮ್ಮನವರ ಎಸ್ಟೇಟಿದೆಯಲ್ಲ, ಅಲ್ಲಿ ಮ್ಯಾನೇಜರು."

ಹರ್ಷವರ್ಧನ ನಿಂತಿದ್ದದ್ದು ಪಲ್ಪರ್ ಮನೆಯ ಹಿಂದಿನ ನೀರಿನ ಟ್ಯಾಂಕಿನ ಮೇಲೆ. ಇಡೀ ತೋಟದಲ್ಲಿ ಫೋನಿಗೆ ಸಿಗ್ನಲ್ ಸಿಗುವ ಜಾಗ ಅದೊಂದೇ, ಅದೂ ಘಾಟಿಯ ಕಡೆ ಮುಖ ಮಾಡಿ ನಿಂತರೆ. ಕೆಳಗೆ ಸಿಮೆಂಟು ನೆಲದ ಮೇಲೆ ಅಂದು ಕುಯ್ದ ಅರೇಬಿಕಾ ಹಣ್ಣು ಕೆಂಪಗೆ ರಾಶಿ ಬಿದ್ದಿತ್ತು. ಕಾಫಿ ಹಣ್ಣು ಕುಯ್ದ ದಿನವೇ ಪಲ್ಪರಿಗೆ ಬಿದ್ದು ಸಿಪ್ಪೆ ಬಿಡಿಸಿಕೊಳ್ಳಬೇಕು. ರಾಶಿಯಲ್ಲೇ ರಾತ್ರಿ ಕಳೆದರೆ ಒಳಗೊಳಗೇ ಬಿಸಿಯೇರಿ ಹುಳಿಯುತ್ತದೆ, ಆಮೇಲೆ ಅದನ್ನು ಒಂದು ಸಲ ಮೂಸಿದವರು ಇನ್ನೊಂದು ಸಲ ಮೂಸುವುದಿಲ್ಲ. ಮೇಲಿನ ಗುಡ್ಡದ ಹಣ್ಣು ಹೀಗೆ ಒಟ್ಟಿಗೇ ಕೆಂಪಾಗುವುದು ವರ್ಷಕ್ಕೊಮ್ಮೆ. ಪಲ್ಪರ್ ಸರಿಯಾಗಿತ್ತು, ನೀರಿತ್ತು, ಕರೆಂಟೂ ಇತ್ತು. ಇಲ್ಲದಿದ್ದದ್ದು ಅಪ್ಪಣೆ.

"ಭವ್ಯಾ? ಯಾವ ಭವ್ಯಾ?... ಓಹೋ, ಗೋಡೆಗೆ ಚೀಟಿ ಅಂಟಿಸೋಕೆ ಬಂದಿದ್ದ ಭವ್ಯಾ! ಬಂಗಲೆ ಜಗಲೀಲಿ ಕೂತು ಕಡುಬು ತಿಂದಿದ್ರಲ್ಲ?... ಹೂಂ, ನಾನೇ, ನಾನೇ. ಕಡುಬು ಚೆನ್ನಾಗಿತ್ತು ಅಲ್ವಾ? ಆ ಋಣಕ್ಕಾದ್ರೂ ಈಗ ನನ್ನ ಪಲ್ಪರ್ ಶುರು ಮಾಡ್ಸಮ್ಮ."

"...ಕಂಪ್ಲೇಂಟ್ ಎಂತ ಅಂತ ಬರ್ಕೋಬೇಕಾ? ಬರ್ಕೊಳ್ಳಿ. ಪಲ್ಪರ್ ಶುರುವಾಗ್ತಿಲ್ಲ... ಇಲ್ಲ, ಕೆಟ್ಟಿಲ್ಲ. ಮೋಟಾರ್ ಕಲ್ಲುಗುಂಡಿನ ಹಾಗಿದೆ. ನೀವು ಸ್ವಿಚ್ ಬೋರ್ಡಿಗೆ ಹಾಕಿ ಹೋದ್ರಲ್ಲ ಕರಿ ಡಬ್ಬಿ, ಅದು ಬಿಡ್ತಿಲ್ಲ... ಫೋನಲ್ಲಿ ಏನು ತೋರಿಸ್ತಿದೆಯಾ? ಓದ್ತೀನಿ ಕೇಳಿ. 'ಮಾಲೀಕರ ಅನುಮೋದನೆಗಾಗಿ ನಿರೀಕ್ಷಿಸಲಾಗುತ್ತಿದೆ.' ಕೆಳಗೊಂದು ಚಕ್ರ ತಿರುಗ್ತಾ ಇದೆ. ಸದ್ಯಕ್ಕೆ ಈ ತೋಟದಲ್ಲಿ ತಿರುಗ್ತಿರೋದು ಅದೊಂದೇ."

ಆ ಕರಿ ಡಬ್ಬಿಯನ್ನು ಪ್ರೀತಿಯಿಂದ ಬರಮಾಡಿಕೊಂಡವನು ಹರ್ಷವರ್ಧನನೇ. ಚಿಕ್ಕಮಗಳೂರಿನಲ್ಲಿ ಬೆಳೆಗಾರರ ಒಂದು ಸಭೆಗೆ ಹೋಗಿದ್ದವನು ಅಲ್ಲಿ 'ಬಿಸಿನೆಸ್ ಪ್ರೋಸೆಸ್ ರೀಎಂಜಿನಿಯರಿಂಗ್' ಎಂಬ ಮಾತನ್ನು ಕಿವಿಯ ಮೇಲೆ ಹಾಕಿಕೊಂಡು ಬಂದಿದ್ದ. ಹಳೆಯ ಕೆಲಸಕ್ಕೆ ಕಂಪ್ಯೂಟರ್ ಜೋಡಿಸುವುದಲ್ಲ, ಕೆಲಸವನ್ನೇ ಬುಡದಿಂದ ಬಿಚ್ಚಿ ಹೊಸದಾಗಿ ಕಟ್ಟುವುದು ಎಂದು ಅಲ್ಲಿ ಯಾರೋ ಹೇಳಿದ್ದರು. ಮೂಡಿಗೆರೆಯಲ್ಲಿ ಕಂಡವರಿಗೆಲ್ಲ ಅವನು ಅದನ್ನೇ ಹೇಳಿದ. ತೂಕ, ಪಲ್ಪಿಂಗು, ಒಣಗಿಸುವುದು ಎಲ್ಲ ಫೋನಿಗೆ ಬಂತು. ಡಬ್ಬಿ ಕೂರಿಸಿ ಒಂದು ವಾರವಾಗಿತ್ತು, ಆ ಒಂದು ವಾರವೂ ಅವನು ಹೊಸ ಅಳಿಯನ ಹಾಗೆ ಓಡಾಡಿದ್ದ.

"...ಮಾಲೀಕರಿಗೆ ಒತ್ತೋಕೆ ಹೇಳ್ಬೇಕಾ? ಅದು ನನಗೆ ಹೊಳೀಲಿಲ್ಲ ಅಂದ್ಕೊಂಡ್ರಾ?... ಅಮ್ಮಾವ್ರು ತೋಟದಲ್ಲಿಲ್ಲ. ಚಿಕ್ಕಮಗಳೂರಲ್ಲಿದ್ದಾರೆ. ಬೆಳಗ್ಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಸೊಸೆ ರಂಜಿತಾ ಜೊತೆಗಿದ್ದಾರೆ... ಹಾಂ, ಆರಾಮಾಗಿದ್ದಾರೆ. ಫೋನೂ ಪಕ್ಕದಲ್ಲೇ ಇದೆ... ಒತ್ತಿದ್ರು ಕಣಮ್ಮ! ಒತ್ತಿದ ಕೂಡ್ಲೇ ಮುಖ ತೋರಿಸಿ ಅನ್ನುತ್ತೆ. ರಂಜಿತಾ ಫೋನ್ ಹಿಡಿದ್ರು, ಇವ್ರು ಮುಖ ತೋರ್ಸಿದ್ರು. ಎಡಗಣ್ಣಿಗೆ ಪಟ್ಟಿ ಕಟ್ಟಿದ್ದಾರೆ ಅಲ್ವಾ? ನಿಮ್ಮ ಆ್ಯಪ್ ಎಂತ ಅಂತು ಗೊತ್ತಾ? 'ದಯವಿಟ್ಟು ಎರಡೂ ಕಣ್ಣು ತೆರೆಯಿರಿ' ಅಂತೆ!"

"...ನಗ್ತಿದ್ದೀರಾ?... ಇಲ್ಲ ಇಲ್ಲ, ನಕ್ಕಿದ್ದು ಕೇಳಿಸ್ತು. ನಗಿ, ಪರವಾಗಿಲ್ಲ. ನಾಳೆ ನಾನೂ ನಗ್ತೀನಿ, ಇವತ್ತು ಪುರುಸೊತ್ತಿಲ್ಲ."

"...ಪಟ್ಟಿ ಸ್ವಲ್ಪ ಸರಿಸೋಕೆ ಆಗುತ್ತಾ ಅಂತಾನಾ? ಒಂದು ಕೆಲಸ ಮಾಡಿ, ಡಾಕ್ಟ್ರ ನಂಬರ್ ಕೊಡ್ತೀನಿ, ನೀವೇ ಕೇಳಿ. ಪಲ್ಪರ್ ಶುರು ಮಾಡ್ಬೇಕು, ಸ್ವಲ್ಪ ಪಟ್ಟಿ ಬಿಚ್ಚಿ ಅಂತ... ಬೇಡ ಅಲ್ವಾ? ಮತ್ತೆ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರು ಒಂದೇ ಕಣ್ಣಿನಲ್ಲಾದರೂ ವರ ಕೊಡುತ್ತೇನೆಂದು ಎದ್ದು ಕೂತಿತ್ತು, ಪೂಜಾರಿ ಮಾತ್ರ ಗುರುತಿನ ಚೀಟಿ ಕೇಳುತ್ತಿದ್ದ. ಹರ್ಷವರ್ಧನ ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸುವಾಗ ಅದರ ಮೂಲೆಯಲ್ಲಿ ಬ್ಯಾಟರಿ ಕೆಂಪಗಾಗಿರುವುದು ಕಂಡಿತು. ಟ್ಯಾಂಕಿನ ಮೇಲೆ ಚಾರ್ಜ್ ಮಾಡಲು ಪ್ಲಗ್ಗಿಲ್ಲ. ಕೆಳಗಿಳಿದರೆ ಸಿಗ್ನಲ್ಲಿಲ್ಲ.

"...ಒಟಿಪಿ? ಹಾಂ, ಅದು ಒಳ್ಳೇದು. ಮುಖ ಬೇಡ್ವಾ? ಬರೀ ನಂಬರ್ ಹೇಳಿದ್ರೆ ಸಾಕಾ? ಕಳ್ಸಿ, ಕಳ್ಸಿ, ರಂಜಿತಾ ನೋಡಿ ಹೇಳ್ತಾರೆ... ಕಳ್ಸಿದ್ರಾ? ಬರ್ಲಿಲ್ಲ ಅಂತ ಮೆಸೇಜ್ ಹಾಕಿದ್ದಾರೆ... ಯಾವ ನಂಬರಿಗೆ ಕಳ್ಸಿದ್ದು, ಓದಿ... ಸೊನ್ನೆ ಎಂಟು ಎರಡು... ಅಯ್ಯೋ, ಅದು ಬಂಗಲೆಯ ಲ್ಯಾಂಡ್‌ಲೈನ್ ಮಾರಾಯ್ತಿ!"

"...ಅವ್ರೇ ಹೇಳಿದ್ದಾ? ಹೇಳಿರ್ತಾರೆ. ನಂಬರ್ ಕೊಡಿ ಅಂದ್ರೆ ಅಮ್ಮಾವ್ರ ಬಾಯಲ್ಲಿ ಬರೋದು ಅದೊಂದೇ ನಂಬರು. ನೀವೂ ಹಾಗೇ ಬರ್ಕೊಂಡ್ರಾ? ಆ ಫೋನ್ ಸತ್ತು ಯಾವ ಕಾಲ ಆಯ್ತು! ಅದರ ಮೇಲೆ ಈಗ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದಾರೆ. ನಿಮ್ಮ ಒಟಿಪಿ ಹೋಗಿ ಆ ಹೂದಾನಿ ಅಡಿ ಕೂತಿರುತ್ತೆ."

ಕೆಳಗೆ ಪಲ್ಪರ್ ಮೇಸ್ತ್ರಿ ಗುರುವಯ್ಯ ರಾಶಿಯ ಸುತ್ತ ಓಡಾಡುತ್ತಿದ್ದ. ತೊಟ್ಟಿಯ ನೀರಿನಲ್ಲಿ ಹಿಡಿಯುವಷ್ಟು ಹಣ್ಣನ್ನು ಆಗಲೇ ಮುಳುಗಿಸಿಟ್ಟಾಗಿತ್ತು, ಮುಕ್ಕಾಲು ಪಾಲು ಹೊರಗೇ ಇತ್ತು. ಅವನು ರಾಶಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ ತೆಗೆದು, ಟ್ಯಾಂಕಿನ ಕಡೆ ತಲೆಯೆತ್ತಿದ.

"ಸಾರ್, ಒಳಗೆ ಬೆಚ್ಚಗಾಗ್ತಾ ಬಂತು."

"ಕೇಳಿಸ್ತಾ ಭವ್ಯಾ ಅವ್ರೆ? ನಮ್ಮ ಮೇಸ್ತ್ರಿ ಹೇಳಿದ್ದು. ಬೆಚ್ಚಗಾಗ್ತಾ ಇದೆಯಂತೆ. ಹೆಂಗಸರು ಬೆಳಗ್ಗಿಂದ ಇಬ್ಬನೀಲಿ ನೆಂದು, ಒಂದು ಕಾಯಿ ಸೇರದ ಹಾಗೆ ಆರಿಸಿ ಕುಯ್ದಿರೋ ಹಣ್ಣು ಇದು... ಹಾಂ, ಅರ್ಜೆಂಟ್ ಅಂತ ಬರ್ಕೊಳ್ಳಿ. ಬರ್ಕೊಂಡು ಏನ್ಮಾಡ್ತೀರಿ?... ಇಲ್ಲ, ಕರೆಂಟೂ ಕಾಯಲ್ಲ. ತ್ರೀ ಫೇಸ್ ಇನ್ನು ಸ್ವಲ್ಪ ಹೊತ್ತು, ಆಮೇಲೆ ಸಿಂಗಲ್ ಫೇಸು. ಅದ್ರಲ್ಲಿ ಮೋಟಾರ್ ಏಳಲ್ಲ."

"...ಒಂದು ಕೇಳ್ತೀನಿ. ಆ ಡಬ್ಬಿ ಬಿಚ್ಚಿ ನೇರ ಲೈನ್ ಕೊಟ್ರೆ? ವೈರ್‌ಮನ್ ಗಿರಿ ಇಲ್ಲೇ ಕಟಿಂಗ್ ಪ್ಲೇಯರ್ ಹಿಡ್ಕೊಂಡು ನಿಂತಿದ್ದಾನೆ... ಮುಟ್ಟಬಾರ್ದಾ?... ಮುಟ್ಟಿದ್ರೆ ಪೂರ್ತಿ ಲಾಕಾ? ಮತ್ತೆ ನಿಮ್ಮ ಎಂಜಿನಿಯರೇ ಬಂದು ತೆಗೀಬೇಕಾ? ಅವ್ರು ಯಾವಾಗ ಬರ್ತಾರೆ?... ಸೋಮವಾರ... ಬರ್ಲಿ ಬರ್ಲಿ. ಬರ್ತಾ ಗೊಬ್ಬರ ತುಂಬೋಕೆ ಚೀಲ ತರೋಕೆ ಹೇಳಿ. ಸೋಮವಾರ ಇಲ್ಲಿ ಹಣ್ಣಂತೂ ಇರಲ್ಲ."

ಅವನಿಗೆ ಈಗ ನಿಜವಾಗಿಯೂ ಅಳು ಬರುವ ಹಾಗಾಗಿತ್ತು. ಹಿಂದೆಲ್ಲ ತೂಕ ಮುಗಿದ ಮೇಲೆ ಲೆಕ್ಕ ಬರೆಯುವ ರೈಟರ್ ಒಂದು ಕೂಗು ಹಾಕಿದರೆ ಪಲ್ಪರ್ ಶುರುವಾಗುತ್ತಿತ್ತು. ಈಗ ಆ ಒಂದು ಕೂಗು ಯಾವ ಯಾವ ಊರು ಸುತ್ತಿ ಬರಬೇಕೋ!

"...ಭವ್ಯಾ ಅವ್ರೆ, ಬೇಜಾರ್ ಮಾಡ್ಕೋಬೇಡಿ, ಒಂದೇ ಪ್ರಶ್ನೆ. ನಮ್ಮ ಪಲ್ಪರ್ ಶುರುವಾಗೋಕೆ ಅಮ್ಮಾವ್ರು ಒತ್ತಬೇಕು ಅಂತ ಇದ್ರೊಳಗೆ ಇಟ್ಟ ಪುಣ್ಯಾತ್ಮ ಯಾರು?... ಎಂತ? ನಾವಾ?... ನಾವು ಯಾವಾಗ ಹೇಳಿದ್ವಿ?... ಜಗಲೀಲಾ?"

"...ಹಾಂ..."

ಹೇಳಿದ್ದರು. ಅದು ಅವನಿಗೂ ನೆನಪಾಯಿತು. ಭವ್ಯಾ ಜಗಲಿಯ ಗೋಡೆಗೆ ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ಚೀಟಿ ಅಂಟಿಸುತ್ತ, "ಇದನ್ನು ಯಾರು ತೀರ್ಮಾನ ಮಾಡ್ತಾರೆ?" ಎಂದು ಕೇಳುತ್ತ ಹೋಗಿದ್ದಳು. ಪಲ್ಪರಿನ ಸರದಿ ಬಂದಾಗ ಗುರುವಯ್ಯ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, "ಅಮ್ಮಾವ್ರನ್ನ ಒಂದ್ಮಾತು ಕೇಳಿ ಶುರು ಮಾಡ್ತೀವಿ" ಅಂದಿದ್ದ. ರೈಟರ್ ನಾಗೇಶನೂ ತಲೆ ಅಲ್ಲಾಡಿಸಿ ಹಾಗೆಯೇ ಅಂದಿದ್ದ. ಭವ್ಯಾ ಕೆಂಪು ಚೀಟಿ ತೆಗೆದು ಅಲ್ಲಿ ಅಂಟಿಸಿದ್ದಳು.

"ಅದು ಮರ್ಯಾದೆಗೆ ಹೇಳೋ ಮಾತು ಕಣಮ್ಮ! ಅದನ್ನ ಯಾರಾದ್ರೂ ಮೋಟಾರಿಗೆ ಜೋಡಿಸ್ತಾರಾ?... ಹಾಗಲ್ಲ, ನೀವೇ ಯೋಚ್ನೆ ಮಾಡಿ. ಅಮ್ಮಾವ್ರು ಎದುರಿಗೇ ಬೆತ್ತದ ಕುರ್ಚೀಲಿ ಕೂತಿದ್ರು. ನಮಗೆ ತೋಚಿದ ಹಾಗೆ ಮಾಡ್ಕೋತೀವಿ, ಇವ್ರನ್ನ ಯಾರು ಕೇಳ್ತಾರೆ ಅಂತ ಅವ್ರ ಮುಖ ನೋಡ್ಕೊಂಡು ಹೇಳೋಕಾಗುತ್ತಾ? ನೀವು ನಿಮ್ಮ ಅತ್ತೆ ಮುಂದೆ ಹೇಳ್ತೀರಾ?... ಮದುವೆ ಆಗಿಲ್ವಾ? ಆಗ್ಲಿ, ಗೊತ್ತಾಗುತ್ತೆ."

"...ಹೌದು, ನಾನೂ ಹೇಳಿದ್ದೆ... ಹೇಳಿದ್ದೆ ಅಂದ್ನಲ್ಲ! ಎಂತ ಅಂದಿದ್ದೆ ಅಂತ ನೀವು ನೆನಪಿಸ್ಬೇಕಾಗಿಲ್ಲ. 'ಅಮ್ಮಾವ್ರ ಅಪ್ಪಣೆ ಇಲ್ದೆ ಈ ತೋಟದಲ್ಲಿ ಒಂದು ಎಲೆ ಅಲ್ಲಾಡಲ್ಲ' ಅಂದಿದ್ದೆ. ನೀವು ಅದನ್ನೇ ಸಾಫ್ಟ್‌ವೇರ್ ಮಾಡಿ ಕೊಟ್ರಿ. ಈಗ ನಿಜವಾಗ್ಲೂ ಅಲ್ಲಾಡ್ತಿಲ್ಲ."

ಮಾಡಿದ್ದುಣ್ಣೋ ಮಹರಾಯ ಎಂದು ಅವನನ್ನು ಯಾರೂ ಹಂಗಿಸಬೇಕಾಗಿರಲಿಲ್ಲ. ಬುಡದಿಂದ ಬಿಚ್ಚಿ ಹೊಸದಾಗಿ ಕಟ್ಟುತ್ತೇವೆಂದು ಹೊರಟವರು, ಬಾಯಿಮಾತಿನ ಒಂದು ಉಪಚಾರವನ್ನು ಎತ್ತಿಕೊಂಡು ಹೋಗಿ ಕಬ್ಬಿಣದ ಡಬ್ಬಿಯೊಳಗೆ ಕೂರಿಸಿದ್ದರು. ಗೋಡೆಗೆ ಆ ಚೀಟಿ ಅಂಟಿದಾಗ ಅವನೂ ಚಪ್ಪಾಳೆ ತಟ್ಟಿದ್ದ.

"...ನಿಜವಾಗಿ ಯಾರು ಶುರು ಮಾಡ್ತಿದ್ರು ಅಂತಾನಾ? ಗುರುವಯ್ಯ. ಪಲ್ಪರ್ ಮೇಸ್ತ್ರಿ... ಯಾರನ್ನೂ ಕೇಳ್ತಿರ್ಲಿಲ್ಲ. ನನ್ನನ್ನೂ ಕೇಳ್ತಿರ್ಲಿಲ್ಲ. ಹಣ್ಣು ಬಂತು, ತೂಕ ಆಯ್ತು, ಹ್ಯಾಂಡಲ್ ಎತ್ತಿದ್ರು, ಅಷ್ಟೇ... ಬದಲಾಯಿಸ್ಬಹುದಾ? ಈಗ್ಲೇ? ನಿಮ್ಮ ಕೈಯಲ್ಲೇ ಆಗುತ್ತಾ? ಇದನ್ನ ಮೊದ್ಲೇ ಹೇಳ್ಬಾರ್ದಾ!"

"...ಹಾಂ... ಅಮ್ಮಾವ್ರು ಬಾಯಲ್ಲಿ ಒಪ್ಪಿದ್ರೆ ಸಾಕು, ರೆಕಾರ್ಡ್ ಆಗುತ್ತೆ. ಸರಿ. ಅವ್ರನ್ನೂ ಇದೇ ಕಾಲಿಗೆ ಸೇರಿಸ್ತೀರಿ. ಸರಿ... ಮೊದ್ಲು ನಾನು ಹೇಳ್ಬೇಕಾ? ಎಂತ ಅಂತ?... ಅದೇ ಮಾತನ್ನಾ?... ಹಿಂದೆ ಯಾರೂ ಕೇಳ್ತಿರ್ಲಿಲ್ಲ ಅಂತ? ಅಮ್ಮಾವ್ರ ಕಿವಿಗೆ ಬೀಳೋ ಹಾಗೆ? ಬೇರೆ ದಾರಿ ಇಲ್ವಾ?... ಯೋಚ್ನೆ ಮಾಡಿ ನೋಡಿ... ಇಲ್ವಾ?"

ಹರ್ಷವರ್ಧನನಿಗೆ ಟ್ಯಾಂಕಿನಿಂದ ಕೆಳಕ್ಕೆ ಹಾರಿಬಿಡೋಣ ಅನ್ನಿಸಿತು. ಗಂಡ ಹೋದ ಮೇಲೆ ಈ ತೋಟವನ್ನು ಹಿಡಿದು ನಿಲ್ಲಿಸಿದವರು ಅಣ್ಣಮ್ಮನವರು. ಬಂದ ನೆಂಟರಿಗೆಲ್ಲ, "ನನ್ನ ಕೇಳ್ದೆ ಇಲ್ಲಿ ಒಂದು ಕೆಲಸ ಮಾಡಲ್ಲ ನಮ್ಮ ಜನ" ಎಂದು ಹೇಳುವಾಗ ಅವರ ಮುಖ ಅರಳುತ್ತಿದ್ದುದನ್ನು ಅವನು ಎಷ್ಟೋ ಸಲ ಕಂಡಿದ್ದ. ಆ ಮಾತು ಸುಳ್ಳು ಎಂದು, ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿರುವ ದಿನವೇ, ಬೇರೆಯವರು ಕೇಳಿಸಿಕೊಳ್ಳುತ್ತಿರುವಾಗ ಹೇಳಬೇಕು. ಅವನಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಕೆಳಗಿನಿಂದ ಹಣ್ಣಿನ ಸಿಹಿ ವಾಸನೆ ಏರಿ ಬರುತ್ತಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಅದು ಸಿಹಿಯಾಗಿ ಉಳಿಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"...ಸೇರಿಸಿ. ಬೇಗ ಸೇರಿಸಿ, ನನ್ನ ಫೋನ್ ಚಾರ್ಜ್ ಮುಗೀತಾ ಬಂತು."

"...ಅಮ್ಮ? ನಮಸ್ಕಾರ ಅಮ್ಮ, ಹರ್ಷ. ನೋವಿದೆಯಾ?... ಊಟ ಆಯ್ತಾ?... ಗಂಜೀನಾ? ಒಳ್ಳೇದು... ಇಲ್ಲ, ಇನ್ನೂ ಶುರುವಾಗಿಲ್ಲ... ಅಯ್ಯೋ, ನೀವು ಪಟ್ಟಿ ಬಿಚ್ಚೋಕೆ ಹೋಗ್ಬೇಡಿ! ರಂಜಿತಾ ಅವ್ರೆ, ಅವ್ರ ಕೈ ಹಿಡ್ಕೊಳ್ಳಿ..."

"...ಅಮ್ಮ, ಒಂದು ಮಾತು ಹೇಳ್ಬೇಕಿತ್ತು. ತಪ್ಪು ತಿಳ್ಕೋಬಾರ್ದು... ಪಲ್ಪರ್ ವಿಷ್ಯ... ಅಂದ್ರೆ, ಈ ಡಬ್ಬಿ ಬರೋಕೆ ಮುಂಚೆ... ಗುರುವಯ್ಯ... ನಾವೆಲ್ಲ ಏನ್ ಹೇಳ್ತಿದ್ವಿ ಅಂದ್ರೆ... ಪಲ್ಪರ್ ಶುರು ಮಾಡೋಕೆ ನಿಮ್ಮನ್ನ ಯಾರೂ ಕೇಳ್ತಿರ್ಲಿಲ್ಲ ಅಮ್ಮ. ಸುಮ್ನೆ ಬಾಯಲ್ಲಿ ಹಾಗೆ ಹೇಳ್ತಿದ್ವಿ."

"..."

"...ಅಮ್ಮ? ಲೈನಲ್ಲಿದ್ದೀರಾ?"

"...ಎಂತ ಅಂದ್ರಿ? ಗೊತ್ತಿತ್ತಾ?... ಯಾವಾಗಿಂದ?... ಮೊದ್ಲಿಂದ್ಲೂನಾ!"

"...ಶಬ್ದ?... ಹೌದು, ಬಂಗಲೆಗೆ ಕೇಳ್ಸುತ್ತೆ... ದೀಪ ಹಚ್ಚೋ ಹೊತ್ತಿಗೆ... ಹಾಂ... ಪಲ್ಪರ್ ಶಬ್ದ ಕೇಳಿಸಿದ್ರೆ ಎಲ್ಲ ಸರಿ ಇದೆ ಅಂತ, ಅದೇ ಗುರುವಯ್ಯ ನಿಮ್ಮನ್ನ ಕೇಳಿದ ಹಾಗೆ... ನೀವು ಸುಮ್ನಿದ್ರೆ ಅದೇ ನೀವು ಹೂಂ ಅಂದ ಹಾಗೆ... ಶಬ್ದ ಬರ್ದೇ ಇದ್ದ ದಿನ ಮಾತ್ರ ಯಾಕೆ ಅಂತ ಕೇಳೋಕೆ ಕಳಿಸ್ತಿದ್ರಿ... ಹೌದಲ್ಲ! ಹೌದಮ್ಮ, ಕಳಿಸ್ತಿದ್ರಿ. ನಾನು ಅದನ್ನ ಯೋಚ್ನೇನೇ ಮಾಡಿರ್ಲಿಲ್ಲ."

ಅವನ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಜಾಗದಲ್ಲಿ ಹೊಸದೊಂದು ಕಸಿವಿಸಿ ಬಂದು ಕೂತಿತು.

"...ಈ ವಾರ ಪೂರ್ತಿ ನಿಮಗೂ ಸಾಕಾಗಿತ್ತಾ? ದಿನಾ ಸಂಜೆ ತಲೆ ಬಾಚ್ಕೊಂಡು, ಕನ್ನಡಕ ತೆಗೆದಿಟ್ಟು, ಆ ಫೋನಿಗೆ ಮುಖ ತೋರ್ಸೋದು... ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ ಅಮ್ಮ?... ಯಾಕೆ?... ನಾನು ಬೇಜಾರ್ ಮಾಡ್ಕೋತೀನಿ ಅಂತಾನಾ?... ಅಷ್ಟು ಆಸೆಯಿಂದ ತಂದಿದ್ದಾನೆ, ಹೇಗೆ ಹೇಳೋದು ಅಂತ..."

ಹರ್ಷವರ್ಧನ ಮೂಗು ಒರೆಸಿಕೊಂಡ. ಇಷ್ಟು ಜನ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡೇ ಈ ರಾಶಿಯನ್ನು ಹುಳಿ ಬರಿಸಲು ಹೊರಟಿದ್ದರು.

"...ಹಾಂ ಭವ್ಯಾ ಅವ್ರೆ, ಕೇಳಿಸ್ಕೊಂಡ್ರಲ್ಲ? ಒಪ್ಪಿದ್ದಾರೆ. ಬೆತ್ತದ ಕುರ್ಚೀಲಿ ಕೂತಿದ್ದವ್ರೇ ಒಪ್ಪಿದ್ದಾರೆ. ಆ ಕೆಂಪು ಚೀಟಿ ಕಿತ್ತು ಬಿಸಾಕಿ. ಹೆಸರು ಗುರುವಯ್ಯ. ನಂಬರ್ ಆಗ್ಲೇ ನಿಮ್ಮ ಹತ್ರ ಇದೆ, ಹಾಜರಿ ಅವ್ರ ಫೋನಲ್ಲೇ ಹಾಕೋದು... ಗುರುವಯ್ಯ! ನಿಮ್ಮ ಫೋನ್ ತಗೊಂಡು ಮೇಲೆ ಬನ್ನಿ! ಬೇಗ!"

ಗುರುವಯ್ಯ ಕೈಕಾಲು ತೊಳೆದುಕೊಂಡು, ಪ್ಲಾಸ್ಟಿಕ್ ಕವರಿನಿಂದ ಫೋನ್ ತೆಗೆಯುತ್ತ, ಕಬ್ಬಿಣದ ಏಣಿ ಹತ್ತಿ ಬಂದ. ಅವನ ಸಿಮ್ಮು ಬೇರೆ ಕಂಪನಿಯದು, ಟ್ಯಾಂಕಿನ ಮೇಲೆ ಹರ್ಷವರ್ಧನನದಕ್ಕಿಂತ ಅದೇ ಚೆನ್ನಾಗಿ ಹಿಡಿಯುತ್ತಿತ್ತು. ಟಿಣ್ ಎಂದು ಶಬ್ದವಾಯಿತು. ಪರದೆಯ ಮೇಲೆ ಹಸಿರು ಬಟನ್ನು ಮೂಡಿತು, ಅದರ ಮೇಲೆ ಅವನ ಹೆಸರು.

"...ಬಂತು ಭವ್ಯಾ ಅವ್ರೆ! ಹಸಿರಾಗಿದೆ. ಮುಖ ಕೇಳ್ತಿಲ್ಲ, ಎಂತದೂ ಕೇಳ್ತಿಲ್ಲ. ನೀವು ನೂರು ಕಾಲ ಬಾಳಮ್ಮ, ಇನ್ನೊಂದು ಸಲ ಬನ್ನಿ, ಕಡುಬು ಮಾಡಿಸ್ತೀನಿ... ಒತ್ತಿ ಗುರುವಯ್ಯ."

ಗುರುವಯ್ಯ ಬಟನ್ನನ್ನು ನೋಡಿದ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಮ್ಮಾವ್ರನ್ನ ಒಂದ್ಮಾತು ಕೇಳಿ..."

"ಏನ್ ಮಾರಾಯ್ರೆ ನೀವು! ಇಷ್ಟು ವರ್ಷ ಒಂದು ದಿನ ಕೇಳಿದ್ದೀರಾ?"

"ಆಗ ನನ್ನ ಹೆಸ್ರು ಎಲ್ಲೂ ಇರ್ಲಿಲ್ಲ ಸಾರ್. ಈಗ ಹೆಸ್ರು ಬರ್ದಿದೆ. ಅವ್ರಿಲ್ಲದ ಹೊತ್ತಲ್ಲಿ ನಾನೇ ಯಜಮಾನನ ಹಾಗೆ ಒತ್ತಿದ್ರೆ ಚೆನ್ನಾಗಿರಲ್ಲ. ಒಂದು ಮಾತು ಕೇಳಿಬಿಡಿ."

ಹರ್ಷವರ್ಧನ ಹಲ್ಲು ಕಚ್ಚಿದ. ಬೈಯಲು ಬಾಯಿ ತೆರೆದವನು ಬೈಯದೆ ಫೋನನ್ನು ಬಾಯಿಯ ಹತ್ತಿರ ತಂದುಕೊಂಡ.

"...ಅಮ್ಮ, ಇನ್ನೂ ಇದ್ದೀರಲ್ಲ? ಇಲ್ಲಿ ಗುರುವಯ್ಯ ನಿಂತಿದ್ದಾರೆ. ನಿಮ್ಮನ್ನ ಒಂದ್ಮಾತು ಕೇಳ್ಬೇಕಂತೆ. ಶುರು ಮಾಡ್ಲಾ ಅಂತ... ಅಮ್ಮ? ಹಲೋ?... ಶುರು ಮಾಡ್ಬಹುದಾ ಅಮ್ಮ?... ಹಲೋ... ಹಲೋ..."

ಫೋನು ಕೈಯಲ್ಲೇ ಕಪ್ಪಗಾಯಿತು. ಬಟನ್ ಒತ್ತಿದ, ಒತ್ತಿ ಹಿಡಿದ, ಅಂಗಿಗೆ ಉಜ್ಜಿದ. ಅದು ಏಳಲಿಲ್ಲ. ಗುರುವಯ್ಯ ಹೆಬ್ಬೆರಳನ್ನು ಹಸಿರು ಬಟನ್ನಿನ ಮೇಲೆ ತಾಗಿಸದೆ ಹಿಡಿದುಕೊಂಡು ಕಾಯುತ್ತಿದ್ದ.

"ಅಮ್ಮಾವ್ರು ಏನಂದ್ರು ಸಾರ್?"

ಹರ್ಷವರ್ಧನ ಸತ್ತ ಫೋನನ್ನು ಮತ್ತೆ ಕಿವಿಗೆ ಹಿಡಿದ.

"ಏನೂ ಅನ್ನಲಿಲ್ಲ. ಸುಮ್ನಿದ್ದಾರೆ."

"ಹಾಗಾದ್ರೆ ಸರಿ," ಎಂದು ಗುರುವಯ್ಯ ಒತ್ತಿದ.